ಹೆಪ್ಪಿನ ಬಟ್ಟಲು

ಮನೆ, ಅಡುಗೆಮನೆಯ ಮೇಜು
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಬಿಪಿ ಮಾತ್ರೆಯನ್ನು ಮರೆಯದೆ ತೆಗೆದುಕೊಳ್ಳುತ್ತಿದ್ದೀರಿ ತಾನೆ? ಮುಲಾಮಿನ ಟ್ಯೂಬನ್ನು ಇಲ್ಲೇ ಕನ್ನಡಿಯ ಹಿಂದೆ ಬಿಟ್ಟು ಹೋಗಿದ್ದೀರಿ, ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನಾದಿನಿಯ ಮನೆಯ ಮೆಟ್ಟಿಲಿಗೆ ಕಂಬಿಯಿಲ್ಲ, ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ನಾನು ಫೋನ್ ಮಾಡಿದಾಗಲೆಲ್ಲ ಅವಳೇ ಎತ್ತಿ "ಅಮ್ಮ ಮಲಗಿದಾಳೆ ಅತ್ತಿಗೆ" ಎನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿರುತ್ತೀರಿ, ಸಂಜೆ ಐದಕ್ಕೂ ಮಲಗಿರುತ್ತೀರಿ. ಈ ಮನೆಯಲ್ಲಿ ಇಷ್ಟು ವರ್ಷ ಮಾಡದ ನಿದ್ದೆಯನ್ನೆಲ್ಲ ಅಲ್ಲಿ ಒಟ್ಟಿಗೆ ಮಾಡಿ ಮುಗಿಸುತ್ತಿದ್ದೀರಿ ಎಂದುಕೊಂಡಿದ್ದೇನೆ. ಫೋನಿನ ಆ ಕಡೆ ನಿಮ್ಮ ಕೆಮ್ಮು ಚೆನ್ನಾಗಿ ಕೇಳಿಸುತ್ತದೆ ಎನ್ನುವುದು ಬೇರೆ ಮಾತು. ನಿಮ್ಮ ಮಗ ಇವತ್ತು ಸಂಜೆ ಸಾಮಾನು ತುಂಬಿದ ವ್ಯಾನ್ ತೆಗೆದುಕೊಂಡು ಆ ಕಡೆಗೇ ಬರುತ್ತಿದ್ದಾರೆ. ಬೆಳಗಾಗುವಷ್ಟರಲ್ಲಿ ನಿಮ್ಮ ಬಾಗಿಲಲ್ಲಿರುತ್ತಾರೆ. "ಬರೆಯೋದೇನಿದೆ, ಬಾಯಲ್ಲೇ ಹೇಳ್ತೀನಿ ಬಿಡು" ಎಂದರು. ಅವರ ಬಾಯಿ ನಿಮಗೆ ಗೊತ್ತಲ್ಲ, ಹತ್ತು ಮಾತು ಕೊಟ್ಟರೆ ಒಂದನ್ನು ತಲುಪಿಸುತ್ತದೆ, ಅದೂ ಊಟದ ವಿಷಯವಾಗಿದ್ದರೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಮಾವನ ಸುದ್ದಿ. ನೀವು ಹೋಗುವಾಗ ಇದ್ದ ಜ್ವರ ಪೂರ್ತಿ ಬಿಟ್ಟಿದೆ. ಎದೆಯಲ್ಲಿ ಗೊರಗೊರ ಸದ್ದು ಇಲ್ಲ. ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸುತ್ತೇವೆ, ತಲೆಗೆ ಅದೇ ಕಂದು ಉಣ್ಣೆಯ ಟೋಪಿ. ಲಕ್ವ ಹೊಡೆದ ಬಲಗೈ ಹಾಗೇ ಇದೆ, ಮಾತೂ ಬಂದಿಲ್ಲ. ಎಡಗೈ ಮಾತ್ರ ಸುಮ್ಮನಿರುವುದಿಲ್ಲ. ಹೊದಿಕೆಯ ಅಂಚಿನ ಹೊಲಿಗೆಯನ್ನು ಹೆಬ್ಬೆರಳಲ್ಲಿ ಸವರುತ್ತಾ ಹೋಗಿ, ಎಲ್ಲೋ ಒಂದು ಕಡೆ ನಿಂತು, ನನ್ನ ಮುಖ ನೋಡುತ್ತಾರೆ. ಹೋಗಿ ನೋಡಿದರೆ ಅಲ್ಲಿ ದಾರ ಬಿಟ್ಟಿರುತ್ತದೆ! ಟೇಲರ್ ಕಣ್ಣು ಹೋದರೂ ಬೆರಳು ಹೋಗುವುದಿಲ್ಲ ಎಂದು ನಿಮ್ಮ ಮಗ ನಗುತ್ತಾರೆ. ಆದರೆ ಅತ್ತೆ, ಮಾವ ತಿನ್ನುತ್ತಿಲ್ಲ. ನೀವು ಹೋದ ಮೇಲೆ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿಲ್ಲ. ಪೈಜಾಮದ ಲಾಡಿಯನ್ನು ದಿನದಿನಕ್ಕೂ ಇನ್ನಷ್ಟು ಎಳೆದು ಕಟ್ಟುತ್ತಿದ್ದೇನೆ.

ಸೋಮವಾರ ಡಾಕ್ಟರ್ ನೋಡಲು ಬರುತ್ತಾರೆ. ನುಂಗುವುದನ್ನು ಕಲಿಸಲು ಬರುವ ಆ ಥೆರಪಿಸ್ಟ್ ಹುಡುಗಿ ಮೊನ್ನೆ ಬಾಗಿಲ ಹೊರಗೆ ನಿಂತು ನನಗೆ ನೇರವಾಗಿ ಹೇಳಿದಳು: "ನೋಡಿ, ಬಾಯಿಂದ ತಗೊಳ್ಳಲಿಲ್ಲ ಅಂದ್ರೆ ಮತ್ತೆ ಮೂಗಿಗೆ ನಳಿಕೆ ಹಾಕ್ಲೇಬೇಕಾಗತ್ತೆ." ಆಸ್ಪತ್ರೆಯಲ್ಲಿ ಆ ನಳಿಕೆಯನ್ನು ಮಾವ ಎಷ್ಟು ಸಲ ಕಿತ್ತುಹಾಕಿದರು, ಕೊನೆಗೆ ದಾದಿಯರು ಏನು ಮಾಡಿದರು ಎನ್ನುವುದು ನಿಮ್ಮ ಕಣ್ಣ ಮುಂದೆಯೇ ಇದೆ. ಎಡಗೈಯನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕಂಬಿಗೆ ಕಟ್ಟಿದರು. ನೀವು ಒಳಗೆ ಬರಲಾರದೆ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಿರಿ. ಉಳಿದಿರುವುದು ಅದೊಂದೇ ಕೈ. ಅದನ್ನೂ ಕಟ್ಟಿಸುವ ಕೆಲಸ ನನ್ನ ಮನೆಯಲ್ಲಿ, ನನ್ನ ಒಪ್ಪಿಗೆಯಲ್ಲಿ ಆಗಬಾರದು. ನನಗೆ ಹೆದರಿಕೆಯಾಗುತ್ತಿದೆ, ಮುಚ್ಚಿಡುವುದೇನು.

ಆ ಮಜ್ಜಿಗೆಯ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮಾವ ಲೋಟದ ಕಡೆ ಆಸೆಯಿಂದ ನೋಡಿದರು, ನಿಮ್ಮ ಕರುಳು ಕೇಳಲಿಲ್ಲ, ಕುಡಿಸಿದಿರಿ. ತೆಳುವಾದದ್ದು ಯಾವುದೂ ಕೂಡದು, ಅದು ಅನ್ನನಾಳಕ್ಕೆ ಇಳಿಯದೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಆ ಹುಡುಗಿ ಬಡಕೊಂಡು ಹೇಳಿದ್ದಳು. ಮಾವನ ತುಟಿ ನೀಲಿಯಾದಾಗ ನನ್ನ ಜೀವ ಬಾಯಿಗೆ ಬಂದಿತ್ತು. "ಅವ್ರನ್ನ ಮುಗಿಸೋಕೇ ಹೊರಟಿದೀರಾ?" ಎಂದು ಕೂಗಿಬಿಟ್ಟೆ, ಅದೂ ಹೊರಗಿನವಳಾದ ಆ ಹುಡುಗಿಯ ಎದುರಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮಜ್ಜಿಗೆಯ ವಿಷಯದಲ್ಲಿ ಮಾತ್ರ ಒಂದಿಂಚೂ ಬಗ್ಗುವುದಿಲ್ಲ, ಈಗಲೇ ಹೇಳಿದ್ದೇನೆ. ಮಾರನೆಯ ದಿನ ಬೆಳಿಗ್ಗೆ ನೀವು "ನಂದು ನಂಗಿರ್ಲಿ" ಎನ್ನುತ್ತಾ ಹೆಪ್ಪಿನ ಬಟ್ಟಲನ್ನು ಸೀರೆಗಳ ನಡುವೆ ಇಟ್ಟುಕೊಂಡು ಹೊರಟಾಗ, ಸ್ಟೀಲ್ ಬಟ್ಟಲಿಗೆ ಇಷ್ಟು ರೋಷವೇ ಎಂದು ನನಗೆ ಒಳಗೊಳಗೇ ನಗು ಬಂದಿತ್ತು. ಈಗ ನಗು ಬರುತ್ತಿಲ್ಲ.

ನೀವು ಹೋದ ಮಾರನೆಯ ದಿನವೇ ಮೊಸರು ಮಾಡುವ ಮಿಷನ್ ತಂದೆ. ಹುಬ್ಬು ಗಂಟಿಕ್ಕಬೇಡಿ. ವಾಷಿಂಗ್ ಮಿಷನ್ ತಂದಾಗಲೂ ನನಗೆ "ಮಿಷನ್ ಮಹಾರಾಣಿ" ಎಂದು ಬಿರುದು ಕೊಟ್ಟವರು ನೀವು, ಆಮೇಲೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಬಟ್ಟೆ ತಿರುಗುವುದನ್ನು ನೋಡುತ್ತಾ ಕೂತವರೂ ನೀವೇ. ಈ ಚಳಿಗೆ ನಿಮ್ಮ ಕೈಯ ಮೊಸರೇ ಸಡಿಲವಾಗಿ ಕೂರುತ್ತಿತ್ತು, ಇನ್ನು ನನ್ನ ಕೈಯದು ಯಾವ ಲೆಕ್ಕ? ಚಮಚವನ್ನು ಓರೆ ಮಾಡಿದರೂ ಜಾರಬಾರದು, ನೀರು ಬಿಡಬಾರದು, ಗಂಟು ಗಂಟಾಗಿರಬಾರದು, ಅಂಥ ಮೊಸರಾದರೆ ಮಾವ ಧೈರ್ಯವಾಗಿ ನುಂಗಬಹುದು ಎಂದಿದ್ದಾಳೆ ಆ ಹುಡುಗಿ. ಮೊದಲು ಎದುರುಮನೆಯ ಟೀಚರ್ ಹತ್ತಿರ ಅವರ ಮಿಷನ್ ಕೇಳಿ ತಂದು ನೋಡಿದೆ. ಅದಕ್ಕೆ ಬಿಸಿ ಮಾಡುವುದೊಂದೇ ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೊಸರು ಒಂದು ಕಡೆ, ನೀರು ಒಂದು ಕಡೆ, ಜಗಳವಾಡಿದ ಗಂಡ ಹೆಂಡತಿಯ ಹಾಗೆ ದೂರ ಕೂತಿದ್ದವು. ಹಿಂದಿರುಗಿಸಿ ಅಂಗಡಿಗೆ ಹೋದೆ.

ಅಂಗಡಿಯವನು ಎರಡು ಬಗೆ ತೋರಿಸಿದ. ಒಂದರಲ್ಲಿ ದೊಡ್ಡ ಸ್ಟೀಲ್ ಪಾತ್ರೆ, ಇನ್ನೊಂದರಲ್ಲಿ ಪುಟ್ಟ ಪುಟ್ಟ ಗಾಜಿನ ಕಪ್ಪುಗಳು. "ದೊಡ್ಡ ಸಂಸಾರ ಅಂದ್ರೆ ದೊಡ್ಡ ಪಾತ್ರೇದೇ ತಗೊಳ್ಳಿ ಮೇಡಂ, ಬೆಲೆ ಒಂದೇ" ಎಂದು ಒತ್ತಾಯ ಮಾಡಿದ. ನಾನು ಅಲ್ಲೇ ನಿಂತು ಯೋಚಿಸಿದೆ. ದೊಡ್ಡ ಪಾತ್ರೆಯ ಮೊಸರಿಗೆ ಒಂದು ಸಲ ಚಮಚ ಇಳಿಸಿದೆವೋ, ಆ ಗುಳಿಯಲ್ಲಿ ನೀರು ಊರಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನಕ್ಕೆ ಮಾವನಿಗೆ ಅಪಾಯ. ಪುಟ್ಟ ಕಪ್ಪುಗಳಾದರೆ ಒಂದು ಹೊತ್ತಿಗೆ ಒಂದು, ಕದಡುವ ಮಾತಿಲ್ಲ, ಗಾಜನ್ನು ಕುದಿಯುವ ನೀರಿನಲ್ಲಿ ತೊಳೆಯಬಹುದು. ಬಿಸಿ ಎಷ್ಟಿರಬೇಕು, ಎಷ್ಟು ಹೊತ್ತಿಗೆ ತಾನೇ ಆರಬೇಕು ಎಂದು ಹೇಳಲು ಗುಂಡಿಗಳಿರುವುದನ್ನೇ ಆರಿಸಿದೆ. ಅವನು ಪ್ಯಾಕ್ ಮಾಡುತ್ತಾ, "ಮೊಸರು ಬರಲಿಲ್ಲ ಅಂತ ವಾಪಸ್ ತರ್ಬೇಡಿ ಮತ್ತೆ. ಮಿಷನ್ನು ಬೆಚ್ಚಗಿಡತ್ತೆ ಅಷ್ಟೇ, ಉಳಿದಿದ್ದೆಲ್ಲ ನಿಮ್ಮದು" ಎಂದ. ಹೆಪ್ಪು? ನೀವು ಒಯ್ದಿದ್ದಿರಲ್ಲ. ಟೀಚರ್ ಕೊಟ್ಟ ಹೆಪ್ಪು ಲೋಳೆಲೋಳೆ. ಕೊನೆಗೆ ಅಂಗಡಿಯವನ ಹತ್ತಿರವೇ ಹೆಪ್ಪಿನ ಪುಡಿಯ ಪೊಟ್ಟಣಗಳಿದ್ದವು, ತಂದೆ. ಪ್ರತಿ ಸಲ ಹೊಸ ಪೊಟ್ಟಣ ಹರಿದು ಹಾಕುವುದು, ಹಿಂದಿನ ದಿನದ್ದು ಬೇಕಾಗಿಯೇ ಇಲ್ಲ.

ಅತ್ತೆ, ನೀವು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸದಲ್ಲಿ ಇಷ್ಟೊಂದು ಸೂಕ್ಷ್ಮಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಹಾಲು ಸರಿಯಾಗಿ ಕಾಯಿಸಲಿಲ್ಲ, ತೆಳುವಾಗಿ ಕೂತಿತು. ಒಂದು ದಿನ ಬಿಸಿ ಆರುವ ಮೊದಲೇ ಪುಡಿ ಹಾಕಿದೆ, ಬೆಳಿಗ್ಗೆ ಹಾಲು ಹಾಲಾಗಿಯೇ ನನ್ನ ಮುಖ ನೋಡುತ್ತಿತ್ತು. ಜಾಗವಿಲ್ಲವೆಂದು ಮಿಷನ್ನನ್ನು ಫ್ರಿಜ್ಜಿನ ಮೇಲಿಟ್ಟಿದ್ದೆ. ಫ್ರಿಜ್ಜು ಗುರ್ ಎಂದು ಶುರುವಾದಾಗಲೆಲ್ಲ ಕಪ್ಪುಗಳು ನಡುಗಿ ಮೊಸರು ಬಿರುಕುಬಿಟ್ಟಿತು. ಅದನ್ನು ಕಂಡುಹಿಡಿಯುವಷ್ಟರಲ್ಲಿ ನನ್ನ ತಲೆಯೇ ಮೊಸರು ಗಡಿಗೆಯಾಗಿತ್ತು. ಈಗ ಮಾವ ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೂಲೆಯಲ್ಲಿಟ್ಟಿದ್ದೇನೆ. ಅದು ಕದಲುವ ಮೇಜಲ್ಲ. ಹಾಲನ್ನು ಸಣ್ಣ ಉರಿಯಲ್ಲಿ ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ಒಂದಿಷ್ಟು ಇಂಗಿಸಿ, ನೀವು ಮಾಡುವ ಹಾಗೆ ಕಿರುಬೆರಳು ಅದ್ದಿ ಹಿತವಾಗುವವರೆಗೆ ಕಾದು, ಆಮೇಲೆ ಹೆಪ್ಪು. ಹೋದ ಭಾನುವಾರ ಬೆಳಿಗ್ಗೆ ಕಪ್ಪನ್ನು ಪೂರ್ತಿ ತಲೆಕೆಳಗೆ ಹಿಡಿದೆ, ಒಂದು ಹನಿ ಬೀಳಲಿಲ್ಲ! ನಿಮ್ಮ ಮಗನನ್ನು ಎಬ್ಬಿಸಿ ತೋರಿಸಿದೆ. ಮುಚ್ಚಳದ ಕೆಳಗೆ ಬೆವರಿದ ನೀರನ್ನು ಒರೆಸಿ, ತಟ್ಟೆಯಲ್ಲಿಟ್ಟು, ಗೆದ್ದುಬಂದವಳ ಹಾಗೆ ಮಾವನ ಮುಂದೆ ಹೋಗಿ ಕೂತೆ.

ಅವರು ಬಾಯಿ ಮುಚ್ಚಿಬಿಟ್ಟರು. ತುಟಿಗೆ ಚಮಚ ತಾಗಿಸಿದರೆ ಮುಖ ಕಿಟಕಿಗೆ. ಎಡಗೈಯನ್ನು ಎತ್ತಿ, ಅಂಗೈ ಕೆಳಗೆ ಮಾಡಿ, ಬೆರಳು ಬಗ್ಗಿಸಿ, ಗಾಳಿಯಲ್ಲಿ ಕೆಳಕ್ಕೆ ಒತ್ತುತ್ತಿದ್ದರು. ಬೇಡ, ಕೆಳಗಿಡು. ಯಾರಿಗಾದರೂ ಹಾಗೆಯೇ ಅರ್ಥವಾಗುತ್ತದೆ. ಸಕ್ಕರೆ ಬೆರೆಸಿದೆ, ಕೈ ಕೆಳಕ್ಕೆ. ಹಣ್ಣು ಅರೆದು ಬೆರೆಸಿದೆ, ಕೈ ಕೆಳಕ್ಕೆ. ನಿಮ್ಮ ಮಗ ಮಗುವಿಗೆ ಮಾಡಿದ ಹಾಗೆ ಆಟ ಆಡಿಸಿ ನೋಡಿದರು, ಅವರಿಗೊಂದು ಪೆಟ್ಟು ಬಿತ್ತು, ಅದೂ ಎಡಗೈಯದೇ. ಥೆರಪಿಸ್ಟ್ ಹುಡುಗಿ ಎರಡು ದಿನ ಕೂತು ನೋಡಿ, "ನುಂಗೋಕೆ ಆಗತ್ತೆ ಇವ್ರಿಗೆ. ಆದ್ರೆ ಬೇಡ ಅಂತಿದಾರೆ. ಮನಸ್ಸೇ ಇಲ್ಲ" ಎಂದಳು. ಮನಸ್ಸಿಲ್ಲ ಎನ್ನುವ ಮಾತು ಕೇಳಿ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಾದೆ ಹೇಳುತ್ತೇವಲ್ಲ, ಇಲ್ಲಿ ಬಾಯಿಯವರೆಗೆ ಬಂದದ್ದು ಒಳಗೆ ಹೋಗುತ್ತಿಲ್ಲ. ಎರಡು ಚಮಚ, ಮೂರು ಚಮಚ, ಅದೂ ನಾನು ಕಣ್ಣೀರು ಹಾಕಿದರೆ ನನ್ನ ಮೇಲಿನ ಮರುಕಕ್ಕೆ ನುಂಗುತ್ತಿದ್ದರು. ಹೀಗೆ ಈ ವಾರ ಸಾಗಿತು.

ಇವತ್ತು ಆದದ್ದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆ. ಹೆಪ್ಪಿನ ಪೊಟ್ಟಣಗಳು ನಿನ್ನೆಗೆ ಮುಗಿದವು. ಅಂಗಡಿಗೆ ಫೋನ್ ಮಾಡಿದರೆ ಹೊಸ ಮಾಲು ಬರುವುದು ಮುಂದಿನ ವಾರ ಎಂದ. ಹಾಗಾದರೆ ನಾಳೆಗೆ ಇವತ್ತಿನದೇ ಹೆಪ್ಪು ಉಳಿಸಬೇಕಲ್ಲ. ಮಧ್ಯಾಹ್ನ ತಟ್ಟೆ ತೆಗೆದುಕೊಂಡು ಮಾವನ ಹತ್ತಿರ ಕೂತಾಗ ಅದು ನೆನಪಾಯಿತು. ಒಂದು ಕಪ್ಪಿನಿಂದ ಚಮಚ ಮೊಸರು ತೆಗೆದು ಅಲ್ಲೇ ಇದ್ದ ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿದೆ. ಕಿಟಕಿ ನೋಡುತ್ತಿದ್ದ ಮಾವ ತಿರುಗಿದರು. ಮತ್ತೆ ಅದೇ ಕೈ, ಅಂಗೈ ಕೆಳಗೆ, ಬೆರಳು ಬಗ್ಗಿಸಿ. ನನಗೆ ತಾಳ್ಮೆ ಉಳಿದಿರಲಿಲ್ಲ. "ಆಯ್ತು ಮಾವ, ಬೇಡ ಅಂದ್ರೆ ಬೇಡ, ಎತ್ತಿಡ್ತೀನಿ" ಎಂದು ಬಟ್ಟಲು ಎತ್ತಲು ಹೋದೆ. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು ನೋಡಿ, ಆ ಹಿಡಿತಕ್ಕೆ ಬಳೆ ಒತ್ತಿ ಗುರುತು ಮೂಡಿದೆ. ಹಿಡಿದು, ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈ ಬಿಟ್ಟು, ತಲೆಯ ಮೇಲಿನ ಟೋಪಿಯನ್ನು ಎಳೆದು ತೆಗೆದು, ಬಟ್ಟಲಿನ ಮೇಲೆ ಹಾಕಿದರು. ಹಾಕಿ, ಅಂಗೈಯಿಂದ ಕೆಳಕ್ಕೆ ಒತ್ತಿ, ಬೆರಳು ಬಗ್ಗಿಸಿ ಅಂಚನ್ನು ಸುತ್ತಲೂ ಎಳೆದು ಕೂರಿಸಿದರು, ಗಿರಾಕಿಯ ಕೋಟಿನ ಕಾಲರ್ ಸರಿ ಮಾಡುತ್ತಿದ್ದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಬಾಯಿ ತೆರೆದರು.

ಬಾಯಿ ತೆರೆದುಕೊಂಡು ಕೂತಿದ್ದಾರೆ, ನಾನು ಚಮಚ ಹಿಡಿದು ಕಲ್ಲಾಗಿದ್ದೇನೆ. ಕೊನೆಗೆ ಅವರೇ "ಹಾ" ಎಂದು ಗದರಿಸಿದರು! ಒಂದು ಕಪ್ಪು ಪೂರ್ತಿ ತಿಂದರು ಅತ್ತೆ, ತಳ ಕೆರೆದು ಕೊಟ್ಟೆ. ಒಂದು ಕೆಮ್ಮಿಲ್ಲ. ಆಗ ನೆನಪಾಯಿತು ನಿಮ್ಮ ಬಟ್ಟಲಿಗೆ ಮುಚ್ಚುವ ಟೋಪಿ, ಕೋಟಿನ ಒಳಗೆ ಹಾಕುವ ಅಸ್ತರಿನ ತುಂಡಿಗೆ ಲಾಡಿ ಸೇರಿಸಿ ಮಾವ ಹೊಲಿದುಕೊಟ್ಟದ್ದು. ಮೊಸರಿಗೂ ಬಟ್ಟೆ ಹೊಲಿಯುವ ಟೇಲರ್ ಎಂದು ನಾನೇ ಎಷ್ಟು ಸಲ ಆಡಿಕೊಂಡು ನಕ್ಕಿಲ್ಲ! "ನಾಳೆಗೆ ಎತ್ತಿಡದೆ ಇವತ್ತು ತಿನ್ನಬಾರದು" ಎಂದು ನೀವು ಹೇಳುತ್ತಿದ್ದಿರಿ, ಅದನ್ನು ಕೇಳಿದ್ದೇನೆ. ಆದರೆ ದಿನವೂ ಊಟಕ್ಕೆ ಮುಂಚೆ ನೀವು ಹೆಪ್ಪು ಎತ್ತಿಡುವುದು, ಮಾವ ಅದಕ್ಕೆ ಟೋಪಿ ಹಾಕುವುದು, ಆಮೇಲೆ ಇಬ್ಬರೂ ತುತ್ತು ಎತ್ತುವುದು, ಇದು ಆ ಹೊತ್ತಿನಲ್ಲಿ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ನನಗೆ ಹೇಗೆ ಗೊತ್ತಾಗಬೇಕು? ಆಸ್ಪತ್ರೆಯಿಂದ ಬಂದ ಮೇಲೂ ನೀವಿಬ್ಬರೂ ಅದನ್ನು ಬಿಟ್ಟಿರಲಿಲ್ಲ ಎಂದು ಇವತ್ತು ಅವರ ಕೈ ನೋಡಿ ತಿಳಿಯಿತು. ದಿನಕ್ಕೊಂದು ಪೊಟ್ಟಣ ಹರಿದು, ನಾಳೆಗೆಂದು ಏನನ್ನೂ ಎತ್ತಿಡದೆ, ತಿನ್ನಿ ತಿನ್ನಿ ಎಂದು ನಾನು ಪೀಡಿಸುತ್ತಿದ್ದೆ. ನಾಳೆಯೇ ಇಲ್ಲ ಎಂದು ಈ ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದಾರೆ ಎಂದು ಅವರಿಗೆ ಅನಿಸಿರಬೇಕು. ಅವರು ಬೇಡ ಎನ್ನುತ್ತಿರಲಿಲ್ಲ ಅತ್ತೆ. ಮುಚ್ಚು ಎನ್ನುತ್ತಿದ್ದರು.

ಆದ್ದರಿಂದ ಗಾಬರಿಯಾಗಬೇಡಿ. ದಾರಿ ಸಿಕ್ಕಿತು. ಸೋಮವಾರದೊಳಗೆ ಇನ್ನಷ್ಟು ತಿನ್ನಿಸುತ್ತೇನೆ, ಡಾಕ್ಟರ್ ಮುಂದೆಯೇ ಒಂದು ಕಪ್ಪು ಮುಗಿಸಿ ತೋರಿಸುತ್ತೇವೆ. ಪ್ರೆಸ್ಸಿಗೆ ಇನ್ನೂ ರಜೆ ಹೇಳಿದ್ದೇನೆ. ನಿಮಗೆ ಅಲ್ಲಿ ಮೊಮ್ಮಗುವಿನ ಜೊತೆ ಹೊತ್ತು ಹೋಗುತ್ತಿದ್ದರೆ ಇನ್ನೊಂದಿಷ್ಟು ದಿನ ಇರಿ, ಕೋಪವೂ ಚೆನ್ನಾಗಿ ಹೆಪ್ಪುಗಟ್ಟಿ ಮುಗಿಯಲಿ, ಅವಸರವೇನಿಲ್ಲ. ಆ ಬಟ್ಟಲನ್ನೂ ಟೋಪಿಯನ್ನೂ ಮಾತ್ರ ನಿಮ್ಮ ಮಗನ ಕೈಯಲ್ಲಿ ಕಳಿಸಿಕೊಡಿ. ಮಾವನ ತಲೆಗೆ ಚಳಿಯಾಗುತ್ತದೆ, ಅವರ ಟೋಪಿ ಅವರಿಗೆ ಬೇಕು.

ನಾದಿನಿಗೂ ಅವಳ ಯಜಮಾನರಿಗೂ ನನ್ನ ನೆನಪು ಹೇಳಿ. ಹಲ್ಲು ಬರುತ್ತಿರುವ ಮಗುವಿಗೆ ಎರಡೂ ಕೆನ್ನೆಗೆ ಮುತ್ತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಆಶೀರ್ವಾದ ಇರಲಿ.

ಇಂತಿ ನಿಮ್ಮ ಸೊಸೆ,
ಮಿಷನ್ ಮಹಾರಾಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ನಿಮ್ಮ ಮಗ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಹಾಲು ಕಾಯಿಸಿ ಆರಿಸಿ ಹೆಪ್ಪು ತರಲು ಹೋದರೆ ಮಾವ ಬಟ್ಟಲು ಕೊಡುತ್ತಿಲ್ಲ. ಟೋಪಿ ಸಮೇತ ಎದೆಗೆ ಅವುಚಿಕೊಂಡಿದ್ದಾರೆ. ನಾನು ಕೇಳಿದೆ, ಇವರು ಕೇಳಿದರು, ಊಹೂಂ. ಸಂಜೆಯ ಕಪ್ಪು ಒಯ್ದರೆ ಬಾಯಿ ಮತ್ತೆ ಮುಚ್ಚಿದೆ. ಪಕ್ಕದಲ್ಲಿ ನೀವು ಕೂರುವ ಸ್ಟೂಲ್ ಇದೆಯಲ್ಲ, ಆ ಕಡೆಗೆ ಬಟ್ಟಲನ್ನು ನೀಡುತ್ತಾರೆ. ನನಗೇ ಇರಬೇಕೆಂದು ಹೋಗಿ ಸ್ಟೂಲಿನ ಮೇಲೆ ಕೂತೆ. ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಎದ್ದೆ, ಮತ್ತೆ ಖಾಲಿ ಸ್ಟೂಲಿಗೆ ನೀಡಿದರು. ಅವಸರವೇನಿಲ್ಲ ಎಂದು ಮೇಲೆ ಬರೆದದ್ದೆಲ್ಲ ಬರೀ ಬಡಾಯಿ, ಅದನ್ನು ಓದಬೇಡಿ. ನನ್ನ ಕೈಲಿ ಆಗುತ್ತಿಲ್ಲ ಅತ್ತೆ. ಬಟ್ಟಲೊಂದನ್ನೇ ಕಳಿಸಬೇಡಿ. ವ್ಯಾನಿನ ಮುಂದಿನ ಸೀಟಿನಲ್ಲಿ ನಿಮ್ಮ ಮಂಡಿಗೆಂದು ದಿಂಬು ಇಟ್ಟಿದ್ದೇನೆ.